ಕುಳಿತಲ್ಲೇ ನಾಲ್ಕು ಸಾವಿರ ಹೆಜ್ಜೆ

ಹೆದರಿಕೆಯನ್ನು ಜನ ಸಾಮಾನ್ಯವಾಗಿ ಮುಚ್ಚಿಡುತ್ತಾರೆ, ನಾನು ಬರೆದಿಡುತ್ತೇನೆ. ಬರೆದಿಟ್ಟರೆ ಅದು ಪುಸ್ತಕದೊಳಗೆ ಉಳಿಯುತ್ತದೆ, ನನ್ನೊಳಗೆ ಬರುವುದಿಲ್ಲ ಎಂಬುದು ಹತ್ತನೇ ತರಗತಿಯಿಂದ ನಾನು ನಂಬಿಕೊಂಡು ಬಂದ ಸುಳ್ಳು. ಈಗ ನನಗೆ ಇಪ್ಪತ್ತೇಳು ವರ್ಷ, ಕಪಾಟಿನಲ್ಲಿ ಹನ್ನೆರಡು ಡೈರಿ. ಯಾವ ದಿನ ಬಸ್ಸು ಎಷ್ಟು ನಿಮಿಷ ತಡ, ಯಾವ ತಿಂಗಳಲ್ಲಿ ಎಷ್ಟು ಸಲ ಶೀತ, ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಎಷ್ಟು ಸಲ ಅರ್ಧ ದಾರಿಯಿಂದ ವಾಪಸ್ ಬಂದೆ, ಎಲ್ಲವೂ ಅವುಗಳಲ್ಲಿದೆ. ಕಳೆದ ವರ್ಷ ಹಾಗೆ ಮೂವತ್ತೊಂದು ಸಲ ವಾಪಸ್ ಬಂದಿದ್ದೇನೆ. ಬೀಗ ಹಾಕದೇ ಇದ್ದದ್ದು ಸೊನ್ನೆ ಸಲ. ಇಷ್ಟು ಸ್ಪಷ್ಟವಾದ ಲೆಕ್ಕ ಎದುರಿಗಿದ್ದರೂ ಮೂವತ್ತೆರಡನೆಯ ಸಲ ವಾಪಸ್ ಬರುತ್ತೇನೆ ಎಂಬುದು ನನಗೆ ಗೊತ್ತು. ಸಾಗರದಿಂದ ದಿನಾ ಬಸ್ಸಿನಲ್ಲಿ ಹೊಸನಗರಕ್ಕೆ ಹೋಗಿ, ಅಲ್ಲಿಯ ಕಾಲೇಜೊಂದರ ಕಚೇರಿಯಲ್ಲಿ ಹಾಜರಿಯ ದಾಖಲೆ ನೋಡಿಕೊಳ್ಳುವುದು ನನ್ನ ಕೆಲಸ. ಬೇರೆಯವರು ಇದ್ದಾರೋ ಇಲ್ಲವೋ ಎಂದು ಗುರುತು ಹಾಕುವುದಕ್ಕೆ ಸಂಬಳ ಸಿಗುತ್ತದೆ. ನಾನು ಇರುತ್ತೇನೋ ಇಲ್ಲವೋ ಎಂಬ ಚಿಂತೆ ಮಾತ್ರ ಪುಕ್ಕಟೆ.

ಈ ಚಿಂತೆಗೆ ಒಂದು ಆಕಾರ ಬಂದದ್ದು ಫೆಬ್ರವರಿಯ ಕೊನೆಯಲ್ಲಿ. ತೀರ್ಥಹಳ್ಳಿಯ ಮಾವ, ಅಂದರೆ ಅಮ್ಮನ ತಮ್ಮ, ಮಹಡಿಯ ಮೆಟ್ಟಿಲು ಹತ್ತುತ್ತಿದ್ದವರು ಎದೆ ಹಿಡಿದುಕೊಂಡು ಅಲ್ಲೇ ಕುಳಿತುಬಿಟ್ಟರು. ಶಿವಮೊಗ್ಗದಲ್ಲಿ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ಅಮ್ಮ, ನಾನು ನೋಡಲು ಹೋದೆವು. ಮಾವ ಗಂಜಿ ಕುಡಿಯುತ್ತಾ, ಹವಾಮಾನದ ವಿಷಯ ಹೇಳಿದಷ್ಟೇ ಸಲೀಸಾಗಿ, ನಮ್ಮ ಮನೆಮಾತಿನಲ್ಲಿ, "ಡಾಕ್ಟ್ರು ಹೇಳಿದ್ರು, ಇದು ನಮ್ಮ ಕುಟುಂಬದಲ್ಲೇ ಇದ್ದಡ. ನೀನೂ ಹುಷಾರಾಗಿರು ಕೂಸೇ," ಎಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಡೈರಿ ತೆಗೆದು ಒಂದು ಚಿತ್ರ ಬರೆದೆ. ಮಾವನಿಂದ ಒಂದು ಬಾಣ ಅಮ್ಮನಿಗೆ, ಅಮ್ಮನಿಂದ ಒಂದು ಬಾಣ ನನಗೆ. ನನ್ನ ಹೆಸರಿನ ಸುತ್ತ ಎರಡು ಸಲ ವೃತ್ತ ಹಾಕಿದೆ. ಅಮ್ಮ ಪಕ್ಕದಲ್ಲೇ ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡುತ್ತಿದ್ದಳು. ಆ ಚಿತ್ರದಲ್ಲಿ ಅಮ್ಮ ಒಂದು ನಿಲ್ದಾಣ ಮಾತ್ರ; ರೋಗ ಅಲ್ಲಿ ಇಳಿಯದೆ ನೇರ ನನ್ನವರೆಗೆ ಟಿಕೆಟ್ ತೆಗೆದಿದೆ ಎಂಬಂತೆ ಬರೆದಿದ್ದೆ.

ಮಾರನೆಯ ದಿನದಿಂದಲೇ ಕೈಗೆ ಕಟ್ಟುವ ಆರೋಗ್ಯದ ಗಡಿಯಾರದ ಹುಡುಕಾಟ ಶುರುವಾಯಿತು. ಹೆದರುವವರು ಮಾಡಬಾರದ ಕೆಲಸ ಅದು. ಅಲ್ಲಿಯವರೆಗೆ ನನಗೆ ಇದ್ದದ್ದು ಎದೆಯ ಭಯ ಒಂದೇ. ಒಂದೊಂದು ಗಡಿಯಾರದ ಗುಣಗಳನ್ನು ಓದುತ್ತಾ ಹೋದಂತೆ ರಕ್ತದ ಆಮ್ಲಜನಕ, ನಿದ್ದೆಯ ಆಳ, ಮನಸ್ಸಿನ ಒತ್ತಡ, ಉಸಿರಿನ ವೇಗ ಎಂದು ನಾನು ಕನಸಲ್ಲೂ ಎಣಿಸದ ಅಪಾಯಗಳೆಲ್ಲ ಸಾಲಾಗಿ ಬಂದು ನಿಂತವು. ಒಂದು ಗಡಿಯಾರ, ನಾವು ಎಲ್ಲಾದರೂ ಬಿದ್ದರೆ ಮನೆಯವರಿಗೆ ತಾನೇ ಸುದ್ದಿ ಮುಟ್ಟಿಸುತ್ತದಂತೆ. ಅದನ್ನು ಓದಿದ ದಿನ ಕಾಲೇಜಿನ ಮೆಟ್ಟಿಲನ್ನು ಕಂಬಿ ಹಿಡಿದುಕೊಂಡು ಇಳಿದೆ. ಒಂಬತ್ತು ಗಡಿಯಾರಗಳಿಗೆ ಹದಿನಾಲ್ಕು ಕಾಲಂಗಳ ಪಟ್ಟಿ ಮಾಡಿದೆ. ಬ್ಯಾಟರಿ ಎಷ್ಟು ದಿನ, ನೀರು ಬಿದ್ದರೆ ಏನು, ಕೈಪಟ್ಟಿಯಿಂದ ಚರ್ಮ ಕೆಂಪಾಗುತ್ತದೆಯೇ, ಹೀಗೆ. ಪಕ್ಕದ ಮೇಜಿನ ಪುಷ್ಪಕ್ಕ ಅದನ್ನು ಇಣುಕಿ ನೋಡಿ, "ಗಂಡು ನೋಡಕ್ಕೂ ಯಾರೂ ಇಷ್ಟು ಕಾಲಂ ಹಾಕಲ್ಲ ಕಣೇ ಮಾರಾಯ್ತಿ. ನಂದು ನೋಡು, ಅಳಿಯ ತಂದುಕೊಟ್ಟ, ಕಟ್ಕಂಡೆ. ಟೈಮ್ ತೋರ್ಸುತ್ತೆ. ಇನ್ನೆಂತ ಬೇಕು?" ಎಂದರು. ಅವರ ಕೈಯಲ್ಲಿದ್ದದ್ದು ನನ್ನ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದ ಗಡಿಯಾರ. ಹದಿನಾಲ್ಕು ಗುಣಗಳಲ್ಲಿ ಅವರಿಗೆ ಗೊತ್ತಿದ್ದದ್ದು ಒಂದು; ಅದು ನನ್ನ ಪಟ್ಟಿಯಲ್ಲೇ ಇರಲಿಲ್ಲ.

ಕೊನೆಗೆ ಸಾಗರದ ಪೇಟೆಯಲ್ಲಿ ಶ್ರೀಧರಣ್ಣನ ಅಂಗಡಿಗೆ ಹೋದೆ. ನನ್ನ ಪ್ರಶ್ನೆಗಳು ಹನ್ನೊಂದನೆಯದಕ್ಕೆ ಬರುವಷ್ಟರಲ್ಲಿ ಅವರು ಸೋತು, "ಮೇಡಂ, ಏಳು ದಿನ ಕಟ್ಕೊಂಡು ನೋಡಿ. ಸರಿ ಬರ್ಲಿಲ್ವಾ, ವಾಪಸ್ ತನ್ನಿ, ಬೇರೆ ಕೊಡ್ತೀನಿ. ಆದ್ರೆ ಎಂತ ಸರಿ ಇಲ್ಲ ಅಂತ ಒಂದು ಕಾಗದದಲ್ಲಿ ಬರೆದು ಕೊಡ್ಬೇಕು," ಎಂದರು. ಬರೆದು ಕೊಡಬೇಕಂತೆ! ಇಷ್ಟು ಸಂತೋಷದ ಷರತ್ತನ್ನು ನನಗೆ ಈವರೆಗೆ ಯಾರೂ ಹಾಕಿರಲಿಲ್ಲ. ಕಪ್ಪು ಪಟ್ಟಿಯದೊಂದನ್ನು ಕಟ್ಟಿಕೊಂಡು ಮನೆಗೆ ಬಂದೆ.

ಮೊದಲ ಮೂರು ದಿನ ನನ್ನ ಮೇಲೆ ಪರೀಕ್ಷೆ. ಬೆರಳಿನಿಂದ ನಾಡಿ ಹಿಡಿದು ಒಂದು ನಿಮಿಷ ಎಣಿಸುವುದು, ಗಡಿಯಾರದ ಅಂಕಿ ನೋಡುವುದು. ನಾನು ಎಪ್ಪತ್ತೆಂಟು ಎಂದರೆ ಅದೂ ಎಪ್ಪತ್ತೆಂಟು ಅಥವಾ ಎಪ್ಪತ್ತೊಂಬತ್ತು. ಇನ್ನೊಬ್ಬರ ಮೇಲೂ ಪರೀಕ್ಷಿಸದೆ ತೀರ್ಮಾನಕ್ಕೆ ಬರುವುದು ಸರಿಯಲ್ಲ ಎಂದು ನಾಲ್ಕನೆಯ ದಿನ, ಭಾನುವಾರ, ಅದನ್ನು ಅಮ್ಮನ ಕೈಗೆ ಕಟ್ಟಿದೆ. ಮನೆಯಲ್ಲಿರುವುದು ನಾವಿಬ್ಬರೇ. ಅಮ್ಮ, ಊರಿನವರು ಕೇಳಿದಷ್ಟು ಹಲಸಿನಕಾಯಿ ಹಪ್ಪಳ ಮಾಡಿಕೊಡುತ್ತಾಳೆ; ಮಾರ್ಚ್ ಏಪ್ರಿಲ್‌ನಲ್ಲಿ ಅವಳಿಗೆ ಕೈ ಬಿಡುವಿಲ್ಲ. "ಎಂಗೆಂತಕ್ಕೆ ಇದು? ಹಿಟ್ಟು ಮೆತ್ತಿದರೆ ಹಾಳಾಗ್ತು," ಎಂದಳು. "ಮೆತ್ತಿದರೂ ಹಾಳಾಗದು, ಅದಕ್ಕೂ ಒಂದು ಕಾಲಂ ಇದ್ದು," ಎಂದೆ.

ಮಧ್ಯಾಹ್ನದವರೆಗೆ ಅಮ್ಮ ಕಾಲು ಚಾಚಿ ಕುಳಿತು, ಉಂಡೆ ಇಟ್ಟು ಮಣೆಯಿಂದ ಒತ್ತಿ, ಎತ್ತಿ, ಮತ್ತೆ ಒತ್ತಿ, ಹಪ್ಪಳ ಮಾಡಿದಳು. ಎದ್ದದ್ದು ಎರಡೇ ಸಲ. ಗಡಿಯಾರ ನೋಡಿದರೆ ನಾಲ್ಕು ಸಾವಿರದ ಇನ್ನೂರ ಹದಿನೆಂಟು ಹೆಜ್ಜೆ! ಕೈ ಮೇಲೆ ಕೆಳಗೆ ಆಡಿದ್ದನ್ನೆಲ್ಲ ಅದು ನಡಿಗೆ ಎಂದು ತಿಳಿದಿತ್ತು. ದಿನದ ಗುರಿಯ ಹತ್ತಿರ ಬಂದಿದ್ದೀರಿ ಎಂಬ ಅಭಿನಂದನೆ ಬೇರೆ. "ಆನು ಕೂತಲ್ಲೇ ತಾಳಗುಪ್ಪ ಮುಟ್ಟಿದ್ನಾ?" ಎಂದು ಅಮ್ಮ ನಕ್ಕಳು. ಅದರ ಕೆಳಗೆ ಇನ್ನೊಂದು ಅಂಕಿ ಇತ್ತು. ನಾಡಿ, ನಲವತ್ತೊಂದು.

ಇಲ್ಲಿ ನನ್ನ ತರ್ಕವನ್ನು ಸ್ವಲ್ಪ ನೋಡಬೇಕು ನೀವು. ನನ್ನ ನಾಡಿ ಎಂಬತ್ತೆರಡಾದ ದಿನ ರಜೆ ಹಾಕಿ ಮಲಗಿದವಳು ನಾನು. ಅಂಥವಳು ನಲವತ್ತೊಂದನ್ನು ನೋಡಿ ಮಾಡಿದ್ದೇನು? ಕುಳಿತವಳನ್ನು ನಾಲ್ಕು ಸಾವಿರ ಹೆಜ್ಜೆ ನಡೆಸಿದ ಯಂತ್ರ ಎದೆಯ ವಿಷಯದಲ್ಲಿ ಮಾತ್ರ ನಿಜ ಹೇಳುತ್ತದೆಯೇ ಎಂದು ನಕ್ಕೆ. ಆದರೂ ಕ್ರಮ ಕ್ರಮವೇ. ಮೂರು ದಿನದಲ್ಲಿ ಹನ್ನೊಂದು ಸಲ ನೋಡಿದೆ. ನಲವತ್ತಕ್ಕಿಂತ ಕೆಳಗೆ ಇಳಿಯಲಿಲ್ಲ, ನಲವತ್ನಾಲ್ಕಕ್ಕಿಂತ ಮೇಲೆ ಹೋಗಲಿಲ್ಲ. ಪ್ರತಿ ಸಲವೂ "ಎಂತ ಆಗ್ತಾ ಇದ್ದು ಅಮ್ಮಾ?" ಎಂದು ಕೇಳಿದೆ. ಪ್ರತಿ ಸಲವೂ ಅವಳು "ಎಂತ ಇಲ್ಲೆ," ಎಂದಳು. ಲಕ್ಷಣ ಎಂಬ ಕಾಲಂನಲ್ಲಿ ಹನ್ನೊಂದು ಸಲ 'ಎಂತ ಇಲ್ಲೆ' ಎಂದು ಬರೆದು, ಪಕ್ಕದಲ್ಲಿ ಹನ್ನೊಂದು ಸರಿ ಗುರುತು ಹಾಕಿದೆ. ಬೆರಳಿನಿಂದ ಒಂದು ಸಲ ಎಣಿಸೋಣ ಎಂದರೆ ಅಮ್ಮನ ಕೈಗೆ ಸದಾ ಎಣ್ಣೆ, ಹಿಟ್ಟು. ಏಳನೆಯ ದಿನ ಗಡಿಯಾರವನ್ನು ಒರೆಸಿ ಡಬ್ಬಿಗೆ ಹಾಕಿ, ಒಂದೂವರೆ ಪುಟದ ದೂರು ಬರೆದೆ. ದಿನ, ಗಂಟೆ, ಅಂಕಿ ಎಲ್ಲ ಸೇರಿಸಿ, ಕೊನೆಗೆ ಕೆಂಪು ಗೆರೆ ಎಳೆದು, 'ಹಿರಿಯ ಮಹಿಳೆಯ ಹೃದಯ ಬಡಿತವನ್ನು ಅರ್ಧದಷ್ಟೇ ತೋರಿಸುತ್ತದೆ; ನಂಬಲು ಯೋಗ್ಯವಲ್ಲ' ಎಂದು ಮುಗಿಸಿದೆ. ಶ್ರೀಧರಣ್ಣ ಓದಿ, "ಲಾಯರ್ ನೋಟೀಸ್ ಇದ್ದಂಗಿದೆ ಮೇಡಂ," ಎಂದು ಮೆಚ್ಚಿ, ನೀಲಿ ಪಟ್ಟಿಯದನ್ನು ಕೊಟ್ಟರು.

ನೀಲಿಯದು ಒಳ್ಳೆಯ ಜಾತಿಯದು. ಹಪ್ಪಳಕ್ಕೆ ಅದು ಅರುವತ್ತೇ ಹೆಜ್ಜೆ ಕೊಟ್ಟಿತು. ಖುಷಿಯಾಗಿ ಕೆಳಗೆ ನೋಡಿದೆ. ನಾಡಿ, ನಲವತ್ತೆರಡು. ಪಟ್ಟಿ ಬಿಗಿ ಮಾಡಿ ಮತ್ತೆ ನೋಡಿದೆ; ಅಂಕಿ ಅದೇ. ಮಾರನೆಯ ದಿನ ಪುಷ್ಪಕ್ಕನ ಗಡಿಯಾರವನ್ನು ಒಂದು ದಿನದ ಮಟ್ಟಿಗೆ ಕೇಳಿ ತಂದೆ. ಅವರು "ನಂಗೆ ಟೈಮ್ ಯಾರು ಹೇಳ್ತಾರೆ?" ಎಂದು ಗೊಣಗಿಕೊಂಡೇ ಕೊಟ್ಟರು. ಅದೂ ನಲವತ್ತೊಂದು. ಮೂರು ಬೇರೆ ಬೇರೆ ಕಂಪನಿಗಳು ನನ್ನ ಅಮ್ಮನ ವಿಷಯದಲ್ಲಿ ಒಟ್ಟಾಗಿ ಸುಳ್ಳು ಹೇಳಲಿ ಎಂದು ನಾನು ಆ ಸಂಜೆ ಬೇಡಿಕೊಂಡೆ. "ಅಮ್ಮ, ಕೈ ತೊಳ್ಕಂಡು ಬಾ," ಎಂದೆ. ನನ್ನ ಮುಖ ನೋಡಿ ಅವಳು ತೊಳೆದುಕೊಂಡು ಬಂದು ಕುಳಿತಳು. ಬೆರಳಿಟ್ಟೆ. ಒಂದು ಬಡಿತ. ಆಮೇಲೆ ಏನೂ ಇಲ್ಲ. ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ಒಂದು ಮನೆ ದಾಟಿತು, ಇನ್ನೊಂದಕ್ಕೆ ಹೊರಟಿತು. ಆಗ ಇನ್ನೊಂದು ಬಡಿತ, ಬರಲೋ ಬೇಡವೋ ಎಂದು ಯೋಚಿಸಿ ಬಂದ ಹಾಗೆ. ಆ ಒಂದು ನಿಮಿಷದಲ್ಲಿ ನಾನು ನಲವತ್ತೊಂದು ಸಲ ಹೆದರಿದೆ. ಬಡಿತಕ್ಕಲ್ಲ, ನಡುವಿನ ಖಾಲಿಗೆ.

ಮರುದಿನ ಬೆಳಿಗ್ಗೆ ಸಾಗರದಲ್ಲೇ ಡಾಕ್ಟರರ ಎದುರು ಕುಳಿತೆವು. ಇಸಿಜಿಯ ಉದ್ದ ಕಾಗದವನ್ನು ನೋಡಿ ಅವರು, "ತಲೆ ಸುತ್ತು ಏನಾದ್ರೂ ಬರುತ್ತಾ ಅಮ್ಮ?" ಎಂದು ಕೇಳಿದರು. ಅಮ್ಮ ಹೊರಗಿನವರ ಹತ್ತಿರ ಆಡುವ ಕನ್ನಡದಲ್ಲಿ, "ಎಂತ ಇಲ್ಲ ಡಾಕ್ಟ್ರೇ. ಬಗ್ಗಿ ಎದ್ದಾಗ ಒಂಚೂರು ಕಣ್ಣು ಕತ್ತಲೆ ಬರುತ್ತೆ, ಅಷ್ಟೇ. ಮೊನ್ನೆ ಹಪ್ಪಳ ಒಣಗಿಸಕ್ಕೆ ತಾರಸಿಗೆ ಹೋಗ್ತಾ ಮೆಟ್ಟಿಲಲ್ಲಿ ಎರಡು ಸಲ ಕೂತ್ಕಂಡೆ. ಮತ್ತೆ ಎಂತ ಇಲ್ಲ," ಎಂದಳು. ನನ್ನ ಹನ್ನೊಂದು ಸರಿ ಗುರುತುಗಳು ಚೀಲದೊಳಗೆ, ಡೈರಿಯಲ್ಲಿ, ನನ್ನ ಮಡಿಲ ಮೇಲಿದ್ದವು. ನಮ್ಮ ಮನೆಯಲ್ಲಿ 'ಎಂತ ಇಲ್ಲೆ' ಎಂದರೆ ಏನೂ ಆಗಿಲ್ಲ ಎಂದಲ್ಲ, ಆದದ್ದನ್ನು ನಿನಗೆ ಹೇಳುವುದಿಲ್ಲ ಎಂದು. ಹುಟ್ಟಿದಾರಭ್ಯ ಕೇಳುತ್ತಾ ಬಂದ ಮಾತಿನ ಅರ್ಥ ಆ ಕುರ್ಚಿಯ ಮೇಲೆ ತಿಳಿಯಿತು.

"ಎಷ್ಟು ದಿನದಿಂದ ಹೀಗಿದೆ?" ಎಂದರು ಡಾಕ್ಟರು. ಡೈರಿ ತೆರೆದು ತೋರಿಸಿದೆ. ಅವರು ಪುಟ ತಿರುವಿ, "ಇಷ್ಟೆಲ್ಲ ಬರೆದಿಟ್ಟಿದೀರಿ. ನಲವತ್ತೊಂದು ನೋಡಿದ ಮೇಲೆ ಏನು ಮಾಡಿದ್ರಿ?" ಎಂದು ಕೇಳಿದರು. "ಗಡಿಯಾರ ವಾಪಸ್ ಕೊಟ್ಟೆ," ಎಂದೆ. ಅವರು ಕನ್ನಡಕ ತೆಗೆದಿಟ್ಟರು. ಬೈಯಲಿಲ್ಲ. ಶಿವಮೊಗ್ಗಕ್ಕೆ ಇವತ್ತೇ ಹೋಗಿ ಎಂದು ಚೀಟಿ ಬರೆದರು. ನಾನು ಮಾವನ ವಿಷಯ ಹೇಳಿದಾಗ, ಅದಕ್ಕೂ ಇದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ, ಎದೆಗೆ ಹೋಗುವ ಸೂಚನೆ ದಾರಿಯಲ್ಲೇ ತಡೆದು ನಿಲ್ಲುತ್ತಿದೆ, ಪೇಸ್‌ಮೇಕರ್ ಬೇಕಾಗಬಹುದು ಎಂದರು. ಹೊರಗೆ ಬಂದು ನಾನು ಅಳಲು ಶುರು ಮಾಡಿದಾಗ ಅಮ್ಮನೇ ನನ್ನ ಬೆನ್ನು ಸವರಿ, "ಹೆದ್ರಡ ಕೂಸೇ. ತಾರಸಿಯಲ್ಲಿ ಹಪ್ಪಳ ಇದ್ದು, ಪಕ್ಕದ ಮನೆಯವಕ್ಕೆ ಫೋನ್ ಮಾಡಿ ಹೇಳು," ಎಂದಳು.

ಪೇಸ್‌ಮೇಕರ್ ಇಡಲು ಅಮ್ಮನನ್ನು ಒಳಗೆ ಕರೆದುಕೊಂಡು ಹೋದ ದಿನದ ಪುಟದಲ್ಲಿ ಒಂದೇ ಒಂದು ಅಂಕಿಯಿಲ್ಲ. ಬಾಗಿಲಿನ ಎದುರು ಬೆಂಚಿನ ಮೇಲೆ ಕುಳಿತಿದ್ದೆ. ನೀಲಿ ಗಡಿಯಾರ ನನ್ನ ಕೈಯಲ್ಲಿತ್ತು. ಸ್ವಲ್ಪ ಹೊತ್ತಿಗೆ ಅದು ಮಣಿಕಟ್ಟನ್ನು ನಡುಗಿಸಿ, 'ಬಹಳ ಹೊತ್ತಿನಿಂದ ಕುಳಿತಿದ್ದೀರಿ, ಎದ್ದು ನಡೆಯಿರಿ' ಎಂದಿತು. ಎದ್ದು ಬಾಗಿಲವರೆಗೆ ಹೋದೆ, ವಾಪಸ್ ಬಂದೆ. ಮತ್ತೆ ಹೋದೆ. ಆ ದಿನ ಎಷ್ಟು ಹೆಜ್ಜೆಯಾಯಿತೆಂದು ಇವತ್ತಿಗೂ ನೋಡಿಲ್ಲ. ಕೊನೆಗೆ ಬಾಗಿಲು ತೆರೆದು ನರ್ಸ್ ಒಬ್ಬರು, "ಮಗಳಾ? ಬನ್ನಿ, ನಿಮ್ಮಮ್ಮ ನಿಮ್ಮದು ಊಟ ಆಯ್ತಾ ಕೇಳ್ತಿದಾರೆ," ಎಂದರು.

ಈಗ ಅಮ್ಮನ ನಾಡಿ ಅರುವತ್ತಕ್ಕಿಂತ ಕೆಳಗೆ ಇಳಿಯುವುದಿಲ್ಲ. ಕೆಲವು ವಾರ ಎಡಗೈ ಎತ್ತಬಾರದು, ಭಾರ ಹಾಕಬಾರದು ಎಂದಿದ್ದರಿಂದ ಬಾಕಿ ಹಪ್ಪಳ ನಾನು ಒತ್ತಿದೆ. ನನ್ನ ಹಪ್ಪಳಗಳ ಆಕಾರ ನೋಡಿ ಅಮ್ಮ, "ಇದು ಯಾವ ದೇಶದ ನಕ್ಷೆ?" ಎಂದಳು. ನೀಲಿ ಗಡಿಯಾರ ಅವಳ ಬಲಗೈಗೆ ಖಾಯಂ ಆಯಿತು. ಅದನ್ನು ತಿಳಿಸಿ, ಕಪ್ಪು ಗಡಿಯಾರದ ಬಗ್ಗೆ ಬರೆದ ದೂರನ್ನು ವಾಪಸ್ ಪಡೆದು ಕ್ಷಮೆ ಕೇಳೋಣ ಎಂದು ಶ್ರೀಧರಣ್ಣನ ಅಂಗಡಿಗೆ ಹೋದೆ.

"ಅದಾ? ಅದು ಹೋಯ್ತಲ್ಲ ಮೇಡಂ," ಎಂದರು ಅವರು. "ನಿಟ್ಟೂರಿನ ಒಬ್ರು ರಿಟೈರ್ಡ್ ಮೇಷ್ಟ್ರು ತಗಂಡ್ರು. ಎದೆದು ಸರಿ ತೋರ್ಸಲ್ಲ, ಅದನ್ನ ನೋಡ್ಲೇಬೇಡಿ ಅಂತ ಹೇಳೇ ಕೊಟ್ಟಿದೀನಿ. ನಿಮ್ಮ ಕಾಗದಾನೂ ತೋರಿಸ್ದೆ. ಭಾರಿ ಮೆಚ್ಕಂಡ್ರು!"

ನಿಟ್ಟೂರಿನಲ್ಲಿ ವಯಸ್ಸಾದ ಒಬ್ಬರು, ನಿಜ ಹೇಳುವ ಗಡಿಯಾರವನ್ನು ಕಟ್ಟಿಕೊಂಡು, ನಾನು ಬರೆದುಕೊಟ್ಟಿದ್ದೇನೆ ಎಂಬ ಧೈರ್ಯದಲ್ಲಿ ಅದು ಏನು ಹೇಳಿದರೂ ಕಿವಿಗೆ ಹಾಕಿಕೊಳ್ಳದೆ ಗುಡ್ಡ ಹತ್ತುತ್ತಿರುವ ದೃಶ್ಯ ಕಣ್ಣೆದುರು ಬಂತು. ನಂಬರು ಕೊಡಿ ಎಂದು ಕೇಳಿದೆ. ಶ್ರೀಧರಣ್ಣ ಮೇಷ್ಟ್ರನ್ನೇ ಕೇಳಿ ಕೊಟ್ಟರು. ಅಲ್ಲೇ ನಿಂತು ಫೋನ್ ಮಾಡಿದೆ.

"ಮೇಷ್ಟ್ರೇ, ನಿಮ್ಮ ಗಡಿಯಾರ ಸರಿ ಇದೆ. ಎದೆಯ ಅಂಕಿಯನ್ನ ನಂಬಿ, ದಯವಿಟ್ಟು ನಂಬಿ," ಎಂದೆ.

"ಇಲ್ಲಮ್ಮ, ಅದು ಸುಳ್ಳು ಹೇಳ್ತದೆ," ಎಂದರು ಮೇಷ್ಟ್ರು, ತರಗತಿಯಲ್ಲಿ ಹೇಳುವಷ್ಟು ನಿಧಾನವಾಗಿ. "ಯಾರೋ ಹನ್ನೊಂದು ಸಲ ಪರೀಕ್ಷೆ ಮಾಡಿ ಬರೆದಿದಾರೆ. ನಾನೇ ಓದಿದೀನಿ. ಒಂದೂವರೆ ಪುಟದಲ್ಲಿ ಒಂದೂ ಕಾಗುಣಿತ ತಪ್ಪಿಲ್ಲ."

"ಅದನ್ನ ಬರೆದದ್ದು ನಾನೇ."

"ಹಾಗಾದ್ರೆ ನೀವು ಆವಾಗ ಬರೆದದ್ದನ್ನ ನಂಬಬೇಕಾ, ಈಗ ಹೇಳ್ತಿರೋದನ್ನ ನಂಬಬೇಕಾ?" ಎಂದು ಕೇಳಿದರು. ಅಮ್ಮನ ಕಥೆಯನ್ನು ಮೊದಲಿನಿಂದ ಹೇಳಿದೆ. ಬೆರಳಿನ ಕೆಳಗಿನ ಆ ಖಾಲಿಯನ್ನೂ, ಶಿವಮೊಗ್ಗದ ಬೆಂಚನ್ನೂ, ಏನನ್ನೂ ಬಿಡದೆ ಹೇಳಿದೆ. "ಈಗ ಎಷ್ಟು ತೋರಿಸ್ತಿದೆ, ಒಂದು ಸಲ ನೋಡಿ ಹೇಳ್ತೀರಾ ಮೇಷ್ಟ್ರೇ?" ಎಂದೆ. ಕನ್ನಡಕ ಹುಡುಕುವ ಸದ್ದು ಕೇಳಿತು.

"ನೀವು ಫೋನ್ ಮಾಡೋ ಮುಂಚೆ ಟೈಮ್ ನೋಡ್ದಾಗ ಎಪ್ಪತ್ನಾಲ್ಕು ಇತ್ತಮ್ಮ," ಎಂದರು ಮೇಷ್ಟ್ರು ತೆಳ್ಳಗಿನ ದನಿಯಲ್ಲಿ. "ಈಗ ನೂರಾ ಎಂಟು."

ಮನೆಗೆ ಬಂದು ಎರಡೂ ಅಂಕಿಗಳನ್ನು ಬರೆದುಕೊಂಡೆ. ಕಾರಣ ಎಂಬ ಕಾಲಂನಲ್ಲಿ ನನ್ನ ಹೆಸರು ಬರೆದು, ಪಕ್ಕದಲ್ಲಿ ಸಹಿ ಹಾಕಿದೆ.