ಭೂಮಿ ನಡುಗಿದರೆ ಓಡುವ ಮಂಚ

"ವೈನಿ, ಈಗ ನೀವು ಭೂಕಂಪ ಆಗ್ರಿ," ಎಂದ ನನ್ನ ಮೈದುನ ರೇವಪ್ಪ.

ಆಗುವುದೆಂದರೆ ಹೇಗೆ ಎಂದು ಕೇಳಿದೆ. ಒಳಕೋಣೆಯ ನೆಲದ ಮೇಲೆ ನಿಂತು ಎರಡೂ ಕಾಲಿನಿಂದ ಜೋರಾಗಿ ಜಿಗಿಯಬೇಕಂತೆ. ಈ ಕೆಲಸಕ್ಕೆ ಮನೆಯಲ್ಲಿ ನನ್ನಷ್ಟು ತೂಕದವರು ಬೇರೆ ಯಾರೂ ಇಲ್ಲವಂತೆ. ಬೇರೆ ದಿನವಾಗಿದ್ದರೆ ಕೈಗೆ ಸೌಟು ಬರುತ್ತಿತ್ತು. ಆದರೆ ಅವನ ಹೊಸ ಕಬ್ಬಿಣದ ಮಂಚದ ಮೇಲೆ ನಮ್ಮತ್ತೆ ಮಲಕಮ್ಮ ಮಲಗಿದ್ದರು. ಇಷ್ಟೆಲ್ಲ ನಡೆದದ್ದು ಅವರ ಸಲುವಾಗಿಯೇ. ಸೆರಗು ಸಿಕ್ಕಿಸಿಕೊಂಡು ಜಿಗಿದೆ.

ಮಂಚಕ್ಕೆ ಕಟ್ಟಿದ್ದ ಸೈರನ್ನು ಕೂಗಿತು! ಮಂಚ ಒಮ್ಮೆ ಗುರುಗುಟ್ಟಿ, ನಾಲ್ಕು ಚಕ್ರಗಳನ್ನು ಉರುಳಿಸಿಕೊಂಡು ಹೊರಟೇಬಿಟ್ಟಿತು. ನೆಲದ ಮೇಲೆ ರೇವಪ್ಪ ಎಳೆದಿದ್ದ ಸುಣ್ಣದ ಗೆರೆಯನ್ನು ಹಿಡಿದು ಪಡಸಾಲೆ ದಾಟಿತು, ಹೊಸ್ತಿಲಿಗೆ ಹಾಕಿದ್ದ ಹಲಗೆ ಇಳಿಯಿತು, ಅಂಗಳದ ಬೇವಿನ ಮರದ ಕೆಳಗೆ ಹೋಗಿ ನಿಂತಿತು. ಅತ್ತೆ ಕಣ್ಣು ಗಟ್ಟಿಯಾಗಿ ಮುಚ್ಚಿ ತಮಗೆ ಗೊತ್ತಿದ್ದ ದೇವರನ್ನೆಲ್ಲ ಕರೆಯುತ್ತಿದ್ದರು. ಮಂಚ ನಿಂತದ್ದು ಖಾತ್ರಿಯಾದ ಮೇಲೆ ಒಂದೇ ಕಣ್ಣು ತೆರೆದು ಬೇವಿನ ಮರ ನೋಡಿದರು.

"ಹ್ಯಾಂಗೂ ಹೊರಗ ಬಂದೀನಿ, ಚಾ ಇಲ್ಲೇ ತಗೊಂಬಾ," ಎಂದರು.

ಕೇಳಿದವರಿಗೆ ನಗು ಬರಬಹುದು, ಆಗ ನಮಗ್ಯಾರಿಗೂ ಬರುತ್ತಿರಲಿಲ್ಲ. ದಸರೆ ಮುಗಿದಾಗಿನಿಂದ ನಮ್ಮೂರ ನೆಲದೊಳಗೆ ಸದ್ದು ಶುರುವಾಗಿತ್ತು. ಮೊದಮೊದಲು ಆಳದಲ್ಲಿ ಯಾರೋ ಬಂಡೆ ಉರುಳಿಸಿದ ಹಾಗೆ ಕೇಳುತ್ತಿತ್ತು. ಆಮೇಲೆ ಗೂಡಿನಲ್ಲಿಟ್ಟ ಲೋಟಗಳು ತಾವಾಗಿಯೇ ಸರಿಯತೊಡಗಿದವು. ಕಲಬುರಗಿಯಿಂದ ಅಧಿಕಾರಿಗಳು ಬಂದು ಗುಡಿಯ ಕಟ್ಟೆಯ ಮೇಲೆ ನಿಂತು ಹೇಳಿ ಹೋದರು. ತಲೆಯ ಮೇಲೆ ಭಾರದ ಸಾಮಾನು ಇಡಬೇಡಿ. ನೆಲ ನಡುಗುವಾಗ ಬಾಗಿಲಿಗೆ ನುಗ್ಗಬೇಡಿ, ಗಟ್ಟಿ ಮಂಚದ ಕೆಳಗೆ ಸೇರಿ ತಲೆ ಕಾಪಾಡಿಕೊಳ್ಳಿ. ನಿಂತ ಮೇಲೆ ಗ್ಯಾಸು ಬಂದ್ ಮಾಡಿ, ಬಯಲಿಗೆ ಹೋಗಿ. ಊರವರೆಲ್ಲ ತಲೆಯಾಡಿಸಿದೆವು. ನಾನು ತಲೆಯಾಡಿಸುವಾಗಲೂ ಮನಸ್ಸೆಲ್ಲ ಅತ್ತೆಯ ಮೇಲೆಯೇ ಇತ್ತು.

ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡು ಬೇಸಿಗೆಯಿಂದ ಮಲಗಿದ್ದರು. ಅವರ ಕೋಣೆಗೆ ಕಲ್ಲುಮಣ್ಣಿನ ಗೋಡೆ, ಮೇಲೆ ಹಾಸುಗಲ್ಲಿನ ಛಾವಣಿ, ಕಲ್ಲಿನ ಮೇಲೆ ಮೊಣಕಾಲುದ್ದ ಮಣ್ಣು. ಅದು ಸಾಲದೆಂಬಂತೆ ಅವರ ತಲೆಯ ನೇರಕ್ಕೆ ಗೋಡೆಯ ಉದ್ದಕ್ಕೂ ನಾಗೊಂದಿ ಹಲಗೆ, ಅದರ ಮೇಲೆ ತವರಿನಿಂದ ತಂದ ಹಿತ್ತಾಳೆ ಕೊಡಗಳ ಸಾಲು. ಕೊಡ ಇಳಿಸುತ್ತೇನೆ ಎಂದರೆ, ತಾವು ಸತ್ತ ಮೇಲೆ ಇಳಿಸು ಎನ್ನುವರು. ನನ್ನ ಗಂಡ ಬಸ್ ಕಂಡಕ್ಟರು, ಮನೆಯಲ್ಲಿ ಇರುವುದಕ್ಕಿಂತ ಬಸ್ಸಿನಲ್ಲಿ ಇರುವುದೇ ಹೆಚ್ಚು. ಒಮ್ಮೆ ನಾನೊಬ್ಬಳೇ ಅತ್ತೆಯನ್ನು ಎತ್ತಿ ನೋಡಿದೆ. ಪಡಸಾಲೆ ಮುಟ್ಟುವುದರೊಳಗೆ ಇಬ್ಬರೂ ನೆಲದ ಮೇಲೆ ಕುಳಿತು ಅತ್ತೆವು. ಅಂಗಳದಲ್ಲೇ ತಗಡಿನ ಮಾಡು ಹಾಕಿಸಿಕೊಡುತ್ತೇವೆ, ಅಲ್ಲಿ ಮಲಗಿ ಎಂದರೆ ಅದಕ್ಕೂ ಒಪ್ಪಲಿಲ್ಲ.

"ಸೊಸಿ ಮುದುಕಿಗಿ ಹೊರಗ ಹಾಕ್ಯಾಳ ಅಂತಾರ ಮಂದಿ. ಸತ್ರೂ ಒಳಗೇ ಸಾಯ್ತೀನಿ."

ಆಗ ರೇವಪ್ಪನಿಗೆ ಈ ಮಂಚ ಹೊಳೆದದ್ದು. ಅವನು ಬಸ್ ನಿಲ್ದಾಣದ ಹತ್ತಿರ ಮೋಟಾರು ರಿಪೇರಿ ಮಾಡುವವನು. ಅವನ ಕೈಗೆ ಹೋದ ವಸ್ತು ಹೋದಂತೆ ವಾಪಸು ಬಂದದ್ದಿಲ್ಲ. ನಮ್ಮ ರುಬ್ಬುವ ಯಂತ್ರ ಈಗ ಅವನ ಅಂಗಡಿಯಲ್ಲಿ ನೀರು ಎತ್ತುತ್ತಿದೆ. ಮಂಚದ ತಲೆದೆಸೆಯ ಡಬ್ಬಿಯಲ್ಲಿ, ಹಳೆಯ ಮೊಬೈಲುಗಳಿಂದ ಬಿಚ್ಚಿ ಜೋಡಿಸಿದ ಒಂದು ಮಿದುಳು ಇತ್ತು. ನೆಲ ನಡುಗಿದರೆ ಅದಕ್ಕೆ ತಿಳಿಯುತ್ತದೆ, ತಿಳಿದದ್ದನ್ನು ಅದು ಮರೆಯುವುದಿಲ್ಲ, ದಿನದಿನಕ್ಕೂ ಜಾಣವಾಗುತ್ತದೆ ಎಂದ. ಗೆರೆಯ ಈ ತುದಿಯಲ್ಲಿದ್ದರೆ ಆ ತುದಿಗೆ ಹೋಗುತ್ತದೆ, ಆ ತುದಿಯಲ್ಲಿದ್ದರೆ ಈ ತುದಿಗೆ ಬರುತ್ತದೆ. ವಾಪಸು ಯಾಕೆ ಬರಬೇಕು ಎಂದು ಕೇಳಿದ್ದಕ್ಕೆ, ಹೊಳ್ಳಿ ತಳ್ಳಲು ಕೂಲಿಯಾಳು ಇಟ್ಟಿದ್ದೀರೇನು ಎಂದು ನನ್ನನ್ನೇ ಕೇಳಿದ.

ನಾನು ಜಿಗಿದು ನೋಡಿದ ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯಲು ಕುಳಿತೆ. ಜೋಳದ ರೊಟ್ಟಿ ಸದ್ದಿಲ್ಲದೆ ಆಗುವುದಿಲ್ಲ. ಮೊದಲನೆಯ ರೊಟ್ಟಿ ಇನ್ನೂ ಅಂಗೈಯಗಲ ಆಗಿತ್ತು, ಸೈರನ್ನು ಕೂಗಿತು. ಹಿಟ್ಟಿನ ಕೈಯಲ್ಲೇ ಓಡಿದೆ. ಮಂಚ ಅಷ್ಟರಲ್ಲಿ ಅಂಗಳದಲ್ಲಿತ್ತು. ಅಂಗಳದಲ್ಲಿ ನಾನು ಆಗಷ್ಟೇ ಹಾಕಿದ ರಂಗೋಲಿ ಇತ್ತು. ಆ ಮಿದುಳಿಗೆ ರಂಗೋಲಿಯೂ ಬಿಳಿ ಗೆರೆ, ಸುಣ್ಣವೂ ಬಿಳಿ ಗೆರೆ! ಚುಕ್ಕಿಗಳ ಸುತ್ತ ನಾನು ಬಿಡಿಸಿದ ಒಂದೊಂದು ಸುತ್ತನ್ನೂ ಬಿಡದೆ ತಿರುಗುತ್ತಿತ್ತು. ಹಾಲು ಹಾಕಲು ಬಂದ ಮೌಲಾಲಿ ಕ್ಯಾನು ಕೆಳಗಿಟ್ಟು ಮಂಚದ ಹಿಂದೆ ತಾನೂ ಸುತ್ತುತ್ತಿದ್ದ. ಹಿಡಿಯೋ, ಹಿಡಿಯೋ ಎಂದು ಅತ್ತೆ ಕೂಗುತ್ತಿದ್ದರು.

ಅಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಸೈರನ್ನು ಕೇಳಿ ಓಣಿಯವರೆಲ್ಲ ಹೊರಗೆ ಓಡಿ ಬಂದಿದ್ದರು. ಒಬ್ಬರ ಕಂಕುಳಲ್ಲಿ ಆಡು, ಇನ್ನೊಬ್ಬರ ಕೈಯಲ್ಲಿ ಕುದಿಯುವ ಬೇಳೆಯ ಪಾತ್ರೆ. ಪಕ್ಕದ ಮನೆಯ ಖಾಜಾಬಿ ಅರ್ಧ ಹೆಣೆದ ಜಡೆಯ ಮೊಮ್ಮಗಳನ್ನು ಎದೆಗವಚಿಕೊಂಡು ನಿಂತಿದ್ದಳು. ಮನೆಯೊಳಗೆ ಕಾಲಿಡಲು ಒಪ್ಪಲೇ ಇಲ್ಲ. ಭೂಕಂಪವಲ್ಲ, ರೊಟ್ಟಿ ಎಂದು ಹೇಳಲು ನನಗೆ ನಾಚಿಕೆಯಾಯಿತು.

ರೇವಪ್ಪ ಡಬ್ಬಿಗೆ ಒಂದು ಹಸಿರು ಗುಂಡಿ ಕೂಡಿಸಿದ. ಭೂಕಂಪವಲ್ಲದ ನಡುಕ ಆದಾಗಲೆಲ್ಲ ಗುಂಡಿ ಒತ್ತಬೇಕು, ಮಿದುಳು ಕಲಿತುಕೊಳ್ಳುತ್ತದೆ. ರೊಟ್ಟಿಗೆ ಒತ್ತಿದೆವು. ಕಲ್ಲಿನ ಗಣಿಯಿಂದ ಬರುವ ಲಾರಿಗೆ ಒತ್ತಿದೆವು. ಹಿಟ್ಟಿನ ಗಿರಣಿಗೆ, ಖಾಜಾಬಿಯ ಎಮ್ಮೆ ನಮ್ಮ ಗೋಡೆಗೆ ಮೈ ಉಜ್ಜಿದ್ದಕ್ಕೆ, ನಾನು ನಡೆದಾಡಿದ್ದಕ್ಕೂ ಒತ್ತಿದೆವು. ಮಂಚ ಶಾಂತವಾಯಿತು.

ಆದರೆ ಅತ್ತೆ ಶಾಂತವಾಗಲಿಲ್ಲ. ಬೇಸಿಗೆಯಿಂದ ಹಾಸುಗಲ್ಲು ಎಣಿಸುತ್ತ ಮಲಗಿದ್ದವರಿಗೆ ಬೇವಿನ ನೆರಳಿನ ರುಚಿ ಹತ್ತಿತ್ತು. ಊರುಗೋಲಿನಿಂದ ಮಂಚದ ಕಾಲಿಗೆ ಕುಟ್ಟಿದರೆ ಗಾಡಿ ಹೊರಡುತ್ತದೆ ಎಂಬುದನ್ನು ಅವರೇ ಕಂಡುಕೊಂಡರು. ತರಕಾರಿಯವಳ ದನಿ ಕೇಳಿದರೆ ಕುಟ್ಟುವರು, ಓಣಿಯಲ್ಲಿ ಜಗಳ ಕೇಳಿದರೆ ಎರಡು ಸಲ ಕುಟ್ಟುವರು. ಯಾರಾದರೂ ಕೇಳಿದರೆ, ನಾನೇನು ಮಾಡ್ಲಿ, ಮಷೀನು ಕರ್ಕೊಂಡು ಬರ್ತದ ಎನ್ನುವರು. ಪ್ರತಿ ಸಲವೂ ಸೈರನ್ನು ಕೂಗುತ್ತಿತ್ತು. ಮೊದಲ ವಾರ ಓಣಿ ಓಡಿ ಬಂತು. ಮುಂದಿನ ವಾರ ಬಾಗಿಲಿನಿಂದ ಇಣುಕಿತು. ಆಮೇಲೆ ಯಾರೂ ಏಳಲಿಲ್ಲ. ಸೈರನ್ನು ಕೂಗುವಾಗ ಖಾಜಾಬಿ ಕೂತಲ್ಲೇ ಅಕ್ಕಿ ಆರಿಸುತ್ತಿದ್ದಳು. ನಿಜವಾದದ್ದು ಬಂದಾಗಲೂ ಇವಳು ಹೀಗೇ ಕುಳಿತಿದ್ದರೆ?

ಅವತ್ತೇ ರೇವಪ್ಪನ ಜೊತೆ ಜಗಳ ತೆಗೆದೆ. ಅವನು ಡಬ್ಬಿ ಬಿಚ್ಚಿ, ಮಿದುಳಿಗೆ ಮತ್ತೇನೋ ಕಲಿಸಿ, ಮುಚ್ಚಿದ.

"ಇನ್ನ ಅದು ಮೋಸ ಹೋಗಲ್ಲ ವೈನಿ. ಪೂರಾ ವಿಚಾರ ಮಾಡಿ, ಖಾತ್ರಿ ಆದ ಮ್ಯಾಲೇ ಹೊರಡ್ತದ."

ಅತ್ತೆ ಎಷ್ಟು ಕುಟ್ಟಿದರೂ ಮಂಚ ಅಲುಗಲಿಲ್ಲ. ನಾನು ನೆಮ್ಮದಿಯಿಂದ ಉಸಿರು ಬಿಟ್ಟೆ.

ಅದೇ ದಿನ ದೀಪ ಹಚ್ಚುವ ಹೊತ್ತಿಗೆ ನೆಲದ ಒಳಗಿನ ಸದ್ದು ಬಂತು. ಅದು ಸರಿದು ಹೋಗಲಿಲ್ಲ, ನಮ್ಮ ಕಡೆಗೇ ಬಂತು. ಕಾಲ ಕೆಳಗಿನ ಕಲ್ಲು ಜಾರಿದಂತಾಯಿತು. ಎಮ್ಮೆ ಕಿರುಚಿತು. ಎಮ್ಮೆ ಹಾಗೆ ಕಿರುಚಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಬಾಗಿಲು ಹತ್ತಿರದಲ್ಲೇ ಇತ್ತು, ಕಾಲು ಮಾತ್ರ ಒಳಕೋಣೆಗೆ ಓಡಿದವು. ಮಂಚದ ಡಬ್ಬಿಯಲ್ಲಿ ಕೆಂಪು ದೀಪ ಮಿಣಮಿಣ ಎನ್ನುತ್ತಿತ್ತು. ಅದು ವಿಚಾರ ಮಾಡುತ್ತಿತ್ತು! ಹಿಡಿದು ಎಳೆದೆ, ಚಕ್ರ ಕಚ್ಚಿಕೊಂಡಿದ್ದವು. ತಳ್ಳಿದೆ, ಬಿಡಲಿಲ್ಲ. ಮೇಲಿನಿಂದ ಮಣ್ಣು ಸುರಿಯತೊಡಗಿತು. ಹಿತ್ತಾಳೆ ಕೊಡಗಳು ಒಂದಕ್ಕೊಂದು ಬಡಿಯುತ್ತಿದ್ದವು.

ಅತ್ತೆ ನನ್ನ ಮುಂಗೈ ಹಿಡಿದರು. "ಜಗದೇವಿ, ನೀ ಹೋಗವ್ವ. ನಿಂದಿನ್ನೂ ಬಾಳೋ ವಯಸ್ಸು."

ಜೀವಮಾನದಲ್ಲಿ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ದಿಂಬನ್ನು ಅವರ ಮುಖದ ಮೇಲಿಟ್ಟು, ಮಂಚ ಹತ್ತಿ, ಅವರ ಮೇಲೆ ಬಗ್ಗಿ ತಲೆ ಒಳಗೆಳೆದುಕೊಂಡೆ. ಮೊದಲನೆಯ ಕೊಡ ಮಂಚದ ಸರಳಿಗೆ ಬಡಿದು ಹೊರಗೆ ಹಾರಿತು. ಎರಡನೆಯದು ನನ್ನ ಬೆನ್ನಿಗೆ ಬಿತ್ತು. ಇನ್ನು ಕಲ್ಲು ಬೀಳುತ್ತದೆ, ಈಗ ಬೀಳುತ್ತದೆ ಎಂದು ಕಾದೆ. ನಡುಕ ನಿಂತಿತು.

ಇಬ್ಬರೂ ಉಸಿರಾಡುತ್ತಿದ್ದೆವು. ಆಗ ಮಿದುಳಿಗೆ ಖಾತ್ರಿಯಾಯಿತು. ಸೈರನ್ನು ಕೂಗಿ, ನಮ್ಮಿಬ್ಬರನ್ನೂ ಹೊತ್ತುಕೊಂಡು, ಬಿದ್ದ ಕೊಡಗಳನ್ನು ಒದೆಯುತ್ತ ಮಂಚ ಅಂಗಳಕ್ಕೆ ಬಂದು ಬೇವಿನ ಕೆಳಗೆ ನಿಂತಿತು. ನಾನು ಇಳಿದೆ. ಓಣಿಯೆಲ್ಲ ಹೊರಗಿತ್ತು, ಸಂಜೆಯ ಹಾಲು ಹಾಕಲು ಬಂದ ಮೌಲಾಲಿಯೂ ಇದ್ದ. ಅಂಗಡಿಯಿಂದ ರೇವಪ್ಪ ಬರಿಗಾಲಿನಲ್ಲಿ ಓಡಿ ಬಂದ. ತಾಯಿಯ ಕಾಲು ಹಿಡಿದು ಅತ್ತ. ಅತ್ತು ಮುಗಿದ ಮೇಲೆ ಮಂಚದ ಕಡೆ ನೋಡಿದ.

"ತಡಾ ಆದ್ರೂ ಬಂತಲ್ಲ ವೈನಿ."

ಅವನಿಗೆ ಬೈಯಲು ನಾನು ಬಾಯಿ ತೆರೆಯುವಷ್ಟರಲ್ಲಿ ನೆಲ ಮತ್ತೊಮ್ಮೆ ಅಲುಗಿತು. ಈ ಸಲ ಮಿದುಳು ವಿಚಾರ ಮಾಡಲಿಲ್ಲ. ಈ ನಡುಕ ಯಾವುದು ಎಂಬುದು ಅದಕ್ಕೆ ಈಗ ಗೊತ್ತಿತ್ತು. ಮಂಚ ಆ ತುದಿಯಲ್ಲಿತ್ತು, ಆದ್ದರಿಂದ ಈ ತುದಿಗೆ ಹೊರಟಿತು. ಅತ್ತೆಯನ್ನು ಹೊತ್ತುಕೊಂಡು ನೇರ ಮನೆಯೊಳಗೆ!

ನಾನು ಮಂಚದ ಕಾಲು ಹಿಡಿದೆ, ಅದು ನನ್ನನ್ನೂ ಎಳೆದುಕೊಂಡು ನಡೆಯಿತು. ರೇವಪ್ಪ ಬಂದ್ ಮಾಡುವ ಸ್ವಿಚ್ಚಿಗೆ ತಡಕಾಡಿದ. ಅದನ್ನು ಅವನು ಡಬ್ಬಿಯ ಒಳಗೇ ಇಟ್ಟು ಸ್ಕ್ರೂ ಬಿಗಿದಿದ್ದ.

"ನನ್ನ ಇಳಸ್ರೋ!" ಎಂದು ಅತ್ತೆ ಚೀರಿದರು.

"ಕೌದಿ ಹಿಡೀರಿ, ಕೌದಿ," ಎಂದು ಓಡಿ ಬಂದವಳು ಖಾಜಾಬಿ. ಅತ್ತೆಯ ಕೆಳಗೆ ಹಾಸಿದ್ದ ದಪ್ಪ ಕೌದಿಯ ಒಂದು ಮೂಲೆಯನ್ನು ಅವಳು ಹಿಡಿದಳು, ಒಂದನ್ನು ನಾನು, ಉಳಿದೆರಡನ್ನು ಮೌಲಾಲಿ ಮತ್ತು ರೇವಪ್ಪ. ಎತ್ತಿದೆವು. ಮಂಚ ನಮ್ಮ ಕೈ ಕೆಳಗಿನಿಂದ ಜಾರಿ, ಹಲಗೆ ಹತ್ತಿ, ಪಡಸಾಲೆ ದಾಟಿ ಒಳಗೆ ಹೋಯಿತು. ಆಮೇಲೆ ಒಳಕೋಣೆಯ ಹಾಸುಗಲ್ಲುಗಳೆಲ್ಲ ಒಟ್ಟಿಗೆ ಬಿದ್ದವು. ಬಾಗಿಲಿನಿಂದ ಧೂಳು ಹೊರಗೆ ಬಂತು. ಕಲ್ಲಿನ ಅಡಿಯಲ್ಲಿ ಸೈರನ್ನು ಸ್ವಲ್ಪ ಹೊತ್ತು ಕೂಗಿ ಸುಮ್ಮನಾಯಿತು. ಕೌದಿಯ ಮೂಲೆಯನ್ನು ನಾವು ಬಹಳ ಹೊತ್ತು ಬಿಡಲೇ ಇಲ್ಲ. ಅತ್ತೆ ತೊಟ್ಟಿಲಿನಲ್ಲಿದ್ದವರಂತೆ ಅದರಲ್ಲೇ ಮುದುರಿ ಮಲಗಿ ಆ ಬಾಗಿಲನ್ನು ನೋಡುತ್ತಿದ್ದರು.

"ಏನೇ ಅನ್ರಿ, ಅದು ತನ್ನ ಜಾಗಕ್ಕ ಹೋಗಿ ಬರೋಬ್ಬರಿ ನಿಂತದ," ಎಂದ ರೇವಪ್ಪ, ಮೆಲ್ಲಗೆ.

ಈಗ ಅಂಗಳದಲ್ಲಿ ತಗಡಿನ ಮಾಡು ಎದ್ದಿದೆ. ಅತ್ತೆ ಅದರಲ್ಲೇ ಮಲಗುತ್ತಾರೆ, ತಲೆಯ ಮೇಲೆ ಒಂದು ಚಮಚೆಯನ್ನೂ ಇಡಲು ಬಿಡುವುದಿಲ್ಲ. ನೋಡಲು ಬಂದವರು ಹುಬ್ಬೇರಿಸಿದರೆ, ನನ್ನ ಹೊರಗ ಹಾಕಿದ್ದು ಸೊಸಿ ಅಲ್ಲ, ಮಷೀನು ಎಂದು ಅವರೇ ಮೊದಲು ಹೇಳುತ್ತಾರೆ. ನೆಲ ಗುಡುಗಿದರೆ ಓಣಿಯವರು ಬಯಲಿಗೆ ಹೋಗುವ ಮೊದಲು ಕೌದಿಯ ಹತ್ತಿರ ಬರುತ್ತಾರೆ. ನನಗೆ ಈಗಲೂ ಹೆದರಿಕೆಯಾಗುತ್ತದೆ, ಒಬ್ಬಳೇ ಹೆದರಬೇಕಾಗಿಲ್ಲ ಅಷ್ಟೆ.

ಕೌದಿ ಎತ್ತಲು ನಾಲ್ಕು ಜನ ಯಾಕೆ ಬೇಕು, ಮೂಲೆಗೊಂದು ಮೋಟಾರು ಕೂಡಿಸಿದರೆ ಸಾಕಲ್ಲ ಎಂದು ರೇವಪ್ಪ ನಿನ್ನೆ ಹೇಳಿದ. ಅವನು ಅಂಗಡಿಗೆ ಹೋಗುವವರೆಗೆ ನಾನು ಕೌದಿಯ ಮೇಲಿಂದ ಏಳಲಿಲ್ಲ.