ತೊರುನ್ ಬಿಸ್ಕತ್ತೂ ಓಕುಬೋ ಸಾನ್ ಹಲ್ಲೂ

ಇನ್ನು ಮುಂದೆ ಯಾವ ದೇಶಕ್ಕೆ ಹೋದರೂ ಆ ಊರಿನ ತಿಂಡಿಯನ್ನೇ ತಿನ್ನುತ್ತೇನೆ, ಪುಳಿಯೋಗರೆ ಗೊಜ್ಜಿನ ಡಬ್ಬಿ ಮುಟ್ಟುವುದಿಲ್ಲ ಎಂದು ನಾನು ಘೋಷಿಸಿದ್ದು ಎರಡು ಸಾವಿರನೇ ಇಸವಿಯಲ್ಲಿ. ಘೋಷಿಸುವ ಅಧಿಕಾರ ನನಗಿತ್ತು. ಹೊಸ ವರ್ಷದ ದಿನ ಜಗತ್ತಿನ ಕಂಪ್ಯೂಟರುಗಳೆಲ್ಲ ತಲೆಕೆಟ್ಟು ಕೂರುತ್ತವೆಂದು ಎಲ್ಲರೂ ಹೆದರಿದ್ದಾಗ ಟೋಕಿಯೋದ ಶಿನಾಗಾವಾ ಆಫೀಸಿನಲ್ಲಿ ಕಾವಲು ಕೂತು ಜಗತ್ತನ್ನು ಉಳಿಸಿದವನು ನಾನು! ಏನೂ ಆಗಲಿಲ್ಲವಲ್ಲ, ಅದೇ ಸಾಕ್ಷಿ.

ಬಹುಮಾನವಾಗಿ ಸಿಕ್ಕ ರಜೆಯಲ್ಲಿ ಪೋಲೆಂಡಿನ ತೊರುನ್‌ಗೆ ಹೊರಟೆ. ಟೋಕಿಯೋದ ಓಜಿಮಾ ಬಡಾವಣೆಯ ನಮ್ಮ ಕಟ್ಟಡದ ಕನ್ನಡಿಗರೆಲ್ಲ ಪ್ಯಾರಿಸ್ಸು, ಸ್ವಿಟ್ಜರ್ಲೆಂಡು ಎಂದು ಓಡುವಾಗ ನಾನು ಯಾರೂ ಕೇಳಿರದ ಊರಿಗೆ ಹೋಗಬೇಡವೇ? ಹೆಂಡತಿ ಹಂಸಾ ಮಾತ್ರ ಮೊದಲೇ ಎಚ್ಚರಿಸಿದ್ದಳು: "ಬಂದ ವಾರವೇ ನನ್ನ ಅಡಿಗೆ ಕ್ಲಾಸ್ ಶುರು. ನಿಮ್ ಬಾಸ್ ಹೆಂಡ್ತೀನೇ ಮೊದಲ್ನೇ ಸ್ಟೂಡೆಂಟ್, ಫ್ರೆಂಡ್ಸ್‌ನೂ ಕರ್ಕೊಂಡು ಬರ್ತಾರೆ. ಏನೂ ಯಡವಟ್ಟು ಮಾಡ್ಕೋಬೇಡಿ." ಆ ಕ್ಲಾಸಿಗಾಗಿ ಅವಳು ಚಳಿಗಾಲವೆಲ್ಲ ಜಪಾನಿ ಕಲಿತು, ಕಮ್ಯುನಿಟಿ ಹಾಲಿನವರ ಮುಂದೆ ಬಗ್ಗಿ ಬಗ್ಗಿ ಒಪ್ಪಿಗೆ ಗಿಟ್ಟಿಸಿದ್ದಳು.

ತೊರುನ್ ಏಳೆಂಟು ನೂರು ವರ್ಷದ ಊರು. ಕೋಟೆಗೋಡೆ, ಕೆಂಪಿಟ್ಟಿಗೆಯ ಚರ್ಚು, ವಾಲಿಕೊಂಡು ನಿಂತ ಗೋಪುರ! ಮೊದಲ ಊಟಕ್ಕೆ ಆಲೂಗಡ್ಡೆ ತುಂಬಿದ ಪಿಯೆರೋಗಿ ಬಂತು, ಥೇಟ್ ನಮ್ಮ ಕಡುಬು. "ಲೋಕಲ್ ಫುಡ್ ಅಂದ್ರೆ ಇದು ಕಣೇ!" ಎಂದು ನಾನು ಸಂಭ್ರಮಿಸುವಾಗ ಹಂಸಾ ಕೈಚೀಲದಿಂದ ಚಟ್ನಿಪುಡಿ ತೆಗೆದಳು. ನಾನೂ ಸ್ವಲ್ಪ ಹಾಕಿಸಿಕೊಂಡೆ. ಘೋಷಣೆಯಲ್ಲಿ ಚಟ್ನಿಪುಡಿಯ ಪ್ರಸ್ತಾಪ ಇರಲಿಲ್ಲ.

ಆ ಊರಿನ ಹೆಮ್ಮೆ ಪಿಯೆರ್ನಿಕಿ, ಅಂದರೆ ಜೇನು, ಶುಂಠಿ, ಲವಂಗ ಹಾಕಿದ ಮೆತ್ತನೆಯ ಬಿಸ್ಕತ್ತು. ತಿಂದು ಕರಗಿಹೋದೆ. ಆಫೀಸಿಗೂ ಒಯ್ಯಬೇಕಿತ್ತು. ಜಪಾನಿನಲ್ಲಿ ರಜೆಗೆ ಹೋದವನು ಸಹೋದ್ಯೋಗಿಗಳಿಗೆಲ್ಲ ಆ ಊರಿನ ತಿಂಡಿ ತರಲೇಬೇಕು. ತರದಿದ್ದರೆ ಯಾರೂ ಏನೂ ಅನ್ನುವುದಿಲ್ಲ. ಭಯ ಆಗುವುದೇ ಅದಕ್ಕೆ. ಅಂಗಡಿಯಲ್ಲಿ ನನ್ನ ಕಣ್ಣು ಗಾಜಿನ ಹಿಂದಿದ್ದ ಅಂಗೈಯಗಲದ ಪಿಯೆರ್ನಿಕಿಗಳ ಮೇಲೆ ಬಿತ್ತು. ಕುದುರೆ, ಸಾರೋಟು, ಕಿರೀಟ ಸಮೇತ ರಾಜ! ಅಂಗಡಿಯಾಕೆ ಪೋಲಿಷ್ ಭಾಷೆಯಲ್ಲಿ ಏನೇನೋ ಹೇಳಿ ಗೋಡೆ ತೋರಿಸಿದಳು. ಗೋಡೆ ಚೆನ್ನಾಗಿದೆ ಎಂದು ನಾನು ತಲೆಯಾಡಿಸಿದೆ.

"ರೀ, ಅದಕ್ಕೆ ದಾರ ಕಟ್ಟಿದಾರೆ. ತಿನ್ನೋದಕ್ಕೆ ದಾರ ಯಾಕ್ರೀ?"

"ಕೈಗೆ ಜೇನು ಅಂಟಬಾರದು ಅಂತ. ಹೈಜೀನ್!"

"ಮೆತ್ತಗಿರೋದು ಆ ಕಡೆ ಇದೆಯಲ್ಲ, ಅದನ್ನೇ ತಗೊಳ್ಳಿ."

"ಅದೆಲ್ಲ ಟೂರಿಸ್ಟ್‌ಗಳಿಗೆ ಕಣೇ!"

ಆಫೀಸಿನಲ್ಲಿ ದಾರ ಕತ್ತರಿಸಿ ಹಂಚಿದೆ. ಎಲ್ಲರೂ ಎರಡೂ ಕೈಯಲ್ಲಿ ತೆಗೆದುಕೊಂಡು "ಅರಿಗಾತೋ" ಎಂದರು. ಬಾಸ್ ಓಕುಬೋ ಸಾನ್ ಕೈಗೆ ರಾಜನೇ ಬಂದ. ಆಮೇಲೆ ಕೇಳಿಸಿದ್ದು ಜಲ್ಲಿ ಒಡೆಯುವ ಸದ್ದು! ನಾನೂ ಕುದುರೆಯ ಬಾಲ ಕಚ್ಚಿದೆ. ಬಾಲಕ್ಕೆ ಏನೂ ಆಗಲಿಲ್ಲ, ನಾನು ಮಾಡುವ ಚಪಾತಿಯಷ್ಟೇ ಗಟ್ಟಿ. ಅಂಗಡಿಯಾಕೆ ಗೋಡೆ ತೋರಿಸಿದ್ದು ಯಾಕೆಂದು ಆಗ ಹೊಳೆಯಿತು. ಆದರೆ ಪ್ರೀತಿಯಿಂದ ಕೊಟ್ಟದ್ದನ್ನು ಜಪಾನಿನಲ್ಲಿ ಯಾರು ಬೇಡ ಎನ್ನುತ್ತಾರೆ? ನಗುನಗುತ್ತಾ ಕಡಿಯುತ್ತಲೇ ಇದ್ದರು. ಅಷ್ಟರಲ್ಲಿ "ಟಕ್" ಎಂದಿತು. ಓಕುಬೋ ಸಾನ್ ಅಂಗೈಯಲ್ಲಿ ಅವರ ಹಲ್ಲಿನ ಕ್ಯಾಪ್!

"ಕೈಯಾರೆ ಮಾಡಿದ ರುಚಿ ಇದೆ," ಎಂದರು ಅವರು ನೋವು ನುಂಗಿಕೊಂಡು. "ನಿಮ್ಮ ಮನೆಯವರು ಮಾಡಿದ್ದೇ?"

ಗೋಡೆಗೆ ನೇತುಹಾಕುವ ಸಾಮಾನನ್ನು ತಿನ್ನಿಸಿದೆ ಎಂದು ಹೇಗೆ ಹೇಳಲಿ? ಜಗತ್ತನ್ನು ಉಳಿಸಿದ ನಾನು "ಹಾಯ್" ಎಂದುಬಿಟ್ಟೆ. ಅಂದರೆ ಹೌದು! ಹಂಸಾಳ ಕ್ಲಾಸು ನೆನಪಾದದ್ದು ರೈಲು ಹತ್ತಿದ ಮೇಲೆ. ಆ ರಾತ್ರಿ ಅವಳಿಗೆ ವಿಷಯ ತಿಳಿಸದೆ ಬೇಗ ಮಲಗಿಬಿಟ್ಟೆ.

ಮರುದಿನ ಸಂಜೆ ಮನೆಗೆ ಬಂದಾಗ ಹಂಸಾ ಫೋನಿನಲ್ಲಿ "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತಿದ್ದಳು. ಫೋನಿಟ್ಟು ನನ್ನತ್ತ ತಿರುಗಿದಳು.

"ರೀ, ನಾನು ಯಾವಾಗ ಬಿಸ್ಕತ್ತು ಮಾಡ್ದೆ?"

"ತಪ್ಪಾಯ್ತು ಕಣೇ. ಕ್ಲಾಸ್ ಕ್ಯಾನ್ಸಲ್ಲಾ?"

"ಇಲ್ಲ. ಹೊಸ ಕ್ಯಾಪ್ ಹಾಕೋವರೆಗೂ ಜಾಸ್ತಿ ಬಾಯಿ ತೆಗೀಬೇಡಿ ಅಂದಿದಾರಂತೆ ಡೆಂಟಿಸ್ಟು. ಮದುವೆಯಾದ್ಮೇಲೆ ಮೊದಲ್ನೇ ಸಲ ಅಡಿಗೇಲಿ ತಪ್ಪು ಹುಡುಕದೆ ಊಟ ಮಾಡಿದ್ರಂತೆ ಓಕುಬೋ ಸಾನು. ಅವರ ಹೆಂಡ್ತಿ ಫ್ರೆಂಡ್ಸ್‌ಗೆಲ್ಲ ಹೇಳಿದಾರೆ. ಸಾಂಬಾರ್ ಆಮೇಲೆ, ಮೊದಲು ಆ ಬಿಸ್ಕತ್ತೇ ಕಲಿಸಿ ಅಂತಿದಾರೆ!"

"ಅಬ್ಬಾ, ಉಳ್ಕೊಂಡ್ವಿ!"

"ನಾನು ಉಳ್ಕೊಂಡೆ. ಅದನ್ನ ನಮ್ಮನೆಯವರೇ ಮಾಡಿದ್ದು, ಅವರೇ ಬಂದು ಕಲಿಸ್ತಾರೆ ಅಂದಿದೀನಿ."

ಕ್ಲಾಸಿನ ದಿನ ಹೂವಿನ ಚಿತ್ರದ ಏಪ್ರನ್ ಕಟ್ಟಿಕೊಂಡು ಆ ಮಹಿಳೆಯರ ಮುಂದೆ ಹಿಟ್ಟು ನಾದಿದೆ. ಬೇಯಿಸಿ ತೆಗೆದದ್ದನ್ನು ಶ್ರೀಮತಿ ಓಕುಬೋ ಆಸೆಯಿಂದ ಕಚ್ಚಿದರು. ಅವರ ಮುಖ ಬಾಡಿತು. ಮೆತ್ತಗೆ ಬಂದಿತ್ತು! ಎಲ್ಲರೂ ನಿಟ್ಟುಸಿರು ಬಿಟ್ಟರು. ಹಂಸಾ ಜಪಾನಿಯಲ್ಲಿ ಏನೋ ಹೇಳಿದಳು, ತಕ್ಷಣ ಎಲ್ಲರೂ ಚಪ್ಪಾಳೆ ತಟ್ಟಿದರು.

"ಏನಂದೆ?" ಎಂದು ಕೇಳಿದೆ.

"ಬೇಜಾರ್ ಮಾಡ್ಕೋಬೇಡಿ, ಮುಂದಿನ ವಾರ ನಮ್ಮನೆಯವರ ಕೈಲಿ ಚಪಾತಿ ಮಾಡಿಸ್ತೀನಿ ಅಂದೆ."