ದೊಡ್ಡಸಿದ್ದಯ್ಯನ ಆಣೆ ಪ್ರವಾಸ

ಈ ಸಲ ಹಾಲಿನ ಸೊಸೈಟಿಯ ಅಧ್ಯಕ್ಷಗಿರಿಯನ್ನು ಆ ಪರಮಾತ್ಮನೇ ಬಂದರೂ ತಪ್ಪಿಸಲಾರ ಎಂದು ದೊಡ್ಡಸಿದ್ದಯ್ಯ ಊರೆಲ್ಲ ಸಾರಿಕೊಂಡು ಬಂದ. ಪರಮಾತ್ಮ ಅಡ್ಡ ಬರುವ ಲಕ್ಷಣವೇನೂ ಇರಲಿಲ್ಲ. ಕಾಟವೆಲ್ಲ ನಿರ್ದೇಶಕರದು. ಹೋದ ಸಲ ಅವನ ಮನೆಯಲ್ಲಿ ಒಬ್ಬಟ್ಟು ಉಂಡು ಹೋದವರೇ ಎದುರಾಳಿ ಚಿಕ್ಕಸ್ವಾಮಿಗೆ ಓಟು ಹಾಕಿ, ಮಾರನೆಯ ದಿನ ಎದುರು ಸಿಕ್ಕಾಗ ಒಬ್ಬಟ್ಟು ಬಲು ಚೆನ್ನಾಗಿತ್ತು ಎಂದೂ ಹೇಳಿದ್ದರು.

ಅದಕ್ಕೇ ಈ ಸಲ ಆಣೆ! ಚುನಾವಣೆಯ ಹಿಂದಿನ ದಿನ ಚಿಕ್ಕಸ್ವಾಮಿಯೊಬ್ಬನನ್ನು ಬಿಟ್ಟು ನಿರ್ದೇಶಕರನ್ನೆಲ್ಲ ವ್ಯಾನಿಗೆ ತುಂಬಿಕೊಂಡು ಹೊರಡುವುದು. ಬನ್ನೂರಿನ ದರ್ಗಾದಲ್ಲೊಂದು ಆಣೆ, ನರಸೀಪುರದ ಸಂಗಮದಲ್ಲೊಂದು, ಕೊನೆಗೆ ನಂಜನಗೂಡಿನ ನಂಜುಂಡನ ಎದುರಿಗೆ ಒಂದು. ಒಂದು ಕಡೆ ತಪ್ಪುಕಾಣಿಕೆ ಹಾಕಿ ಪಾರಾಗಬಹುದು. ಮೂರು ಕಡೆ ಸಿಕ್ಕಿಕೊಂಡವನು ಎಲ್ಲಿಗೆ ಓಡಿಯಾನು? ಗೈಡಿನ ಕೆಲಸ, ಊಟ, ಆಣೆ ಎಲ್ಲದರ ಉಸ್ತುವಾರಿಯನ್ನೂ ದೊಡ್ಡಸಿದ್ದಯ್ಯ ತಾನೇ ವಹಿಸಿಕೊಂಡ.

ಹೆಂಡತಿ ರುದ್ರಾಣಿ ಕೂಡ ಮಹಿಳಾ ಮೀಸಲಿನಲ್ಲಿ ಗೆದ್ದ ನಿರ್ದೇಶಕಿ. ಅವಳನ್ನೂ ಬಿಡಲಿಲ್ಲ.

"ನನ್ನೂ ಯಾಕ್ರೀ ಎಳ್ಕೊಂಡ್ ಓಗೀರಿ? ನಾನೇನ್ ಓಡೋಯ್ತೀನಾ?"

"ನಿನ್ ಓಟೂ ಓಟೇ ಕಣೆ. ಚಿಕ್ಕಸ್ವಾಮಿ ಎಂಡ್ರು ತಾವ ದಿನಾ ನಲ್ಲೀಲಿ ಏನ್ ಗುಸುಗುಸು ಮಾಡೀಯೋ, ಯಾರ್ ಕಂಡೋರು? ವ್ಯಾನ್ ಅತ್ತು, ಅತ್ತು."

ವ್ಯಾನು ಕಳಲೆ ಊರು ದಾಟುವುದರೊಳಗೆ ಗೈಡು ದೊಡ್ಡಸಿದ್ದಯ್ಯ ಮೈಕು ಹಿಡಿದು ಎದ್ದು ನಿಂತ. "ಎಡಗಡೆ ನೋಡಿ, ಕಬ್ಬು. ಬಲಗಡೆ ನೋಡಿ, ಭತ್ತ."

"ನಾವೇನ್ ಕಬ್ಬು ಭತ್ತ ಕಾಣ್ದೋರಾ ಸಿದ್ದಯ್ಯ?" ಎಂದಳು ಹಿಂದಿನ ಸೀಟಿನ ಚಿಕ್ಕಬಸಮ್ಮ. ಆಕೆ ನಿರ್ದೇಶಕರಲ್ಲೆಲ್ಲ ಹಿರಿಯಳು. "ಮೈಕ್ ಮಡುಗಪ್ಪ, ನಿದ್ದೆ ಬತ್ತಾ ಅದೆ."

ದರ್ಗಾದಲ್ಲಿ ಎಲ್ಲರೂ ತಲೆಗೆ ಕರ್ಚೀಫು, ಸೆರಗು ಹೊದ್ದು, ಸಕ್ಕರೆಗೆ ಪ್ರಾರ್ಥನೆ ಓದಿಸಿ, ಒಬ್ಬೊಬ್ಬರಾಗಿ ಆಣೆ ಮಾಡಿದರು. ದೊಡ್ಡಸಿದ್ದಯ್ಯನ ಮುಖ ಆಗಲೇ ಅಧ್ಯಕ್ಷರ ಮುಖವಾಗಿತ್ತು. ಕೊನೆಯವರು ಗಫಾರ್ ಸಾಬರು. ಊರಿನಲ್ಲಿ ಹಸು ಸಾಕುವವರಲ್ಲಿ ಅವರಷ್ಟು ನಿಧಾನದ ಮನುಷ್ಯ ಇನ್ನೊಬ್ಬರಿಲ್ಲ.

"ನನ್ ಓಟು ನಿಮ್ಗೇ ಸಿದ್ದಯ್ನೋರೇ, ಆಣೆಗೂ," ಎಂದು ಮುಗಿಸಿದ ಸಾಬರು ಅದೇ ಉಸಿರಿನಲ್ಲಿ ಸೇರಿಸಿದರು, "ಈಗ ನೀವೂ ಒಂದ್ ಆಣೆ ಮಾಡ್ಬುಡಿ. ಸೊಸೈಟಿ ಆಲ್ಗೆ ಒಂದಿನಾನೂ ನೀರ್ ಬೆರ್ಸಿಲ್ಲ ಅಂತ. ಅಧ್ಯಕ್ಷ ಆಗೋರಲ್ವಾ?"

ಸಾಬರ ಮಾತಿನಲ್ಲಿ ಕುಹಕವಿರಲಿಲ್ಲ. ಆದರೆ ದೊಡ್ಡಸಿದ್ದಯ್ಯನ ಹಾಲಿನಲ್ಲಿ ನೀರಿತ್ತು. ಮನೆಯಿಂದ ಸೊಸೈಟಿಗೆ ಹೋಗುವ ದಾರಿಯಲ್ಲಿ ಒಂದು ಬೋರ್‌ವೆಲ್ ಇದೆ. ಅಲ್ಲಿ ಮುಖ ತೊಳೆಯುವುದು ಅವನ ರೂಢಿ. ಕ್ಯಾನಿನ ಮುಚ್ಚಳ ತೆಗೆಯುವುದೂ ರೂಢಿ. ಬರಿಯ ಸುಳ್ಳು ಹೇಳಲು ಅವನಿಗೆ ಯಾವ ಸಂಕೋಚವೂ ಇರಲಿಲ್ಲ. ಆಣೆಯಿಟ್ಟು ಸುಳ್ಳು ಹೇಳುವ ಎದೆ ಮಾತ್ರ ಇರಲಿಲ್ಲ. ಆಣೆಯ ಮೇಲೆ ಅಷ್ಟೊಂದು ನಂಬಿಕೆ ಇದ್ದದ್ದರಿಂದಲೇ ಅಲ್ಲವೇ ಈ ವ್ಯಾನು ಮಾಡಿದ್ದು!

"ನಾವು ಲಿಂಗ ಕಟ್ಟಿರೋರು ಸಾಬ್ರೇ. ನಮ್ ಆಣೆ ಇಲ್ಲಿ ನಡೆಯಕಿಲ್ಲ. ಸಂಗಮದಲ್ಲಿ ಮಾಡ್ತೀನಿ."

"ನಾನೂ ಲಿಂಗ ಕಟ್ಟಿರೋಳೇ. ನಂದು ಈಗ ನಡೀತಲ್ಲಪ್ಪ?" ಎಂದಳು ಚಿಕ್ಕಬಸಮ್ಮ. ಗೈಡು ಕೇಳಿಸದವನಂತೆ ವ್ಯಾನು ಹತ್ತಿದ.

ನರಸೀಪುರದ ಸಂಗಮದಲ್ಲಿ ಎಲ್ಲರೂ ನೀರಿಗಿಳಿದು ಬೊಗಸೆ ಎತ್ತಿ ಮತ್ತೊಮ್ಮೆ ಆಣೆ ಮಾಡಿದರು. "ಈಗ ನೀವು," ಎಂದರು ಸಾಬರು.

"ಅಸ್ಕೊಂಡು ಆಣೆ ಮಾಡಬಾರ್ದು. ಊಟ ಆಗ್ಲಿ."

ಪುಳಿಯೋಗರೆ, ಮೊಸರನ್ನ ಮುಗಿಯಿತು. "ಊಟ ಆಯ್ತು," ಎಂದರು ಸಾಬರು.

"ಉಂಡ ಬಾಯಲ್ಲಿ ಆಣೆ ಮಾಡಬಾರ್ದು."

ಅಲ್ಲಿಂದ ಮುಂದೆ ವ್ಯಾನಿನಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಬೆಳಿಗ್ಗೆಯಿಂದ ಊಟಕ್ಕಾಗಿ ಬಂದಿದ್ದವರಿಗೆ ಈಗ ಯಾತ್ರೆಯಲ್ಲೇ ಭಕ್ತಿ ಹುಟ್ಟಿತ್ತು. ನಂಜನಗೂಡು ಇನ್ನೆಷ್ಟು ದೂರ ಎಂದು ಗಳಿಗೆಗೊಬ್ಬರು ಕೇಳುತ್ತಿದ್ದರು. ಗೈಡು ಮೈಕನ್ನು ಸೀಟಿನ ಕೆಳಗೆ ತಳ್ಳಿದ.

ನಂಜನಗೂಡು ಸಮೀಪಿಸಿದಾಗ ದೊಡ್ಡಸಿದ್ದಯ್ಯನಿಗೆ ದಿವ್ಯ ಉಪಾಯವೊಂದು ಹೊಳೆಯಿತು. ಹಾಲು ಕರೆಯುವವಳು ರುದ್ರಾಣಿ. ಅವಳು ನೀರು ಬೆರೆಸಿಲ್ಲ. ಬೋರ್‌ವೆಲ್ಲಿನ ವಿಷಯ ಅವಳಿಗೆ ಗೊತ್ತೂ ಇಲ್ಲ. ಅವಳು ಆಣೆಯಿಟ್ಟರೆ ಅದು ಸತ್ಯ, ನಂಜುಂಡನಿಗೆ ಸಿಟ್ಟು ಬರುವ ಪ್ರಶ್ನೆಯೇ ಇಲ್ಲ.

"ಲೇ, ಮನೆ ಪರವಾಗಿ ನೀನೇ ಆಣೆ ಮಾಡ್ಬುಡು," ಎಂದು ಅವಳ ಕಿವಿಯಲ್ಲಿ ಉಸುರಿದ.

"ನಾನಾ? ದೇವ್ರ ಮುಂದೆ ಇದ್ದುದ್ದ ಇದ್ದಂಗೇ ಏಳ್ಬೇಕಾಯ್ತದೆ ಕಣ್ರೀ."

"ಅದ್ನೇ ಏಳು. ಅಷ್ಟೇ ಸಾಕು."

ಗೋಪುರದ ಮುಂದೆ ಕರ್ಪೂರ ಹಚ್ಚಿದರು. ನಂಜುಂಡ ನಮ್ಮೋರ್ಗೂ ಹಕೀಮನೇ, ಕಾಯ್ಲೆ ವಾಸಿ ಮಾಡೋನು ಎನ್ನುತ್ತ ಸಾಬರೂ ಕೈಮುಗಿದು ನಿಂತರು. ರುದ್ರಾಣಿ ಉರಿಯ ಮೇಲೆ ಅಂಗೈ ಹಿಡಿದಳು.

"ಅಪ್ಪಾ ನಂಜುಂಡ, ಆಲು ಕರ್ದು ಇವ್ರ ಕೈಗೆ ಕೊಡೋಗಂಟ ಒಂದ್ ತೊಟ್ಟು ನೀರೂ ಸೋಕಿಲ್ಲ."

ದೊಡ್ಡಸಿದ್ದಯ್ಯ ನಿಟ್ಟುಸಿರು ಬಿಟ್ಟ. ಆದರೆ ರುದ್ರಾಣಿ ಇನ್ನೂ ಕೈ ತೆಗೆದಿರಲಿಲ್ಲ.

"ಆಮೇಲಿಂದ್ನ ಇವ್ರೇ ಏಳ್ಬೇಕು."

ಎಲ್ಲರ ಕಣ್ಣೂ ದೊಡ್ಡಸಿದ್ದಯ್ಯನ ಕೈಯ ಮೇಲೆ ಬಿತ್ತು. ಅವನು ಅದನ್ನು ಮೆಲ್ಲಗೆ ಜುಬ್ಬದ ಜೇಬಿನೊಳಗೆ ಇಳಿಸಿಕೊಂಡ. "ಕರ್ಪೂರ ಆರೋಯ್ತಲ್ಲ," ಎಂದ.

"ಇನ್ನೊಂದ್ ಬಿಲ್ಲೆ ಅಚ್ಚುದ್ರಾಯ್ತು," ಎಂದಳು ಚಿಕ್ಕಬಸಮ್ಮ. ಹಚ್ಚಿಯೂ ಬಿಟ್ಟಳು. ದೊಡ್ಡಸಿದ್ದಯ್ಯ ಗೋಪುರ ನೋಡಿದ, ನೆಲ ನೋಡಿದ. ಆ ಬಿಲ್ಲೆಯೂ ಉರಿದು ಆರಿತು.

ಈಗ ಪೇಚಿಗೆ ಬಿದ್ದವರು ನಿರ್ದೇಶಕರು. ಇಂಥವನಿಗೇ ಓಟು ಎಂದು ಎರಡು ಕಡೆ ಆಣೆಯಿಟ್ಟು ಆಗಿದೆ, ಮುರಿಯುವಂತಿಲ್ಲ. ಕೊನೆಗೆ ಸಾಬರೇ ದಾರಿ ತೋರಿಸಿದರು. "ನಾನ್ ನಿಂತ್ಕಳಕಿಲ್ಲ ಅಂತ ನೀವೇ ಅಂದ್ಬುಡಿ ಸಿದ್ದಯ್ನೋರೇ. ನಮ್ಗೂ ಆಣೆ ಬುಡುಗಡೆ, ನಿಮ್ಗೂ ಬುಡುಗಡೆ."

ಆ ದಿನ ನಂಜುಂಡನ ಎದುರು ದೊಡ್ಡಸಿದ್ದಯ್ಯ ಮಾಡಿದ ಒಂದೇ ಒಂದು ಆಣೆ ಅದು. ವ್ಯಾನು ಹತ್ತುವ ಮೊದಲೇ ಅಧ್ಯಕ್ಷರು ಯಾರೆಂಬುದೂ ತೀರ್ಮಾನವಾಯಿತು: ರುದ್ರಾಣಿ, ವ್ಯಾನಿನ ಮಟ್ಟಿಗೆ ಅವಿರೋಧವಾಗಿ.

ಊರಿನ ದಾರಿಯಲ್ಲಿ ನಿಯೋಜಿತ ಅಧ್ಯಕ್ಷರ ಪಕ್ಕದಲ್ಲಿ ಕುಳಿತ ದೊಡ್ಡಸಿದ್ದಯ್ಯ ತಡೆಯಲಾರದೆ ಕೇಳಿದ.

"ನಿಂಗೆ ಮೊದ್ಲೇ ಗೊತ್ತಿತ್ತಾ?"

"ನಾನ್ ಕರ್ದಿದ್ದಕ್ಕಿಂತ ಜಾಸ್ತಿ ಆಲು ಅಳ್ದು ಬತ್ತಿದ್ರಿ. ಅಷ್ಟೂ ತಿಳೀದೋಳಾ ನಾನು?"

"ಮತ್ತೆ ಇಷ್ಟ್ ದಿನ ಯಾಕೆ ಬಾಯಿ ಬುಡ್ಲಿಲ್ಲ?"

"ಇಷ್ಟ್ ದಿನ ಯಾರೂ ನನ್ ಕೈಲಿ ಆಣೆ ಮಾಡ್ಸಿರ್ಲಿಲ್ವಲ್ಲ," ಎಂದಳು ರುದ್ರಾಣಿ. "ನೀವೇ ವ್ಯಾನ್ ಮಾಡ್ಕೊಂಡು ಕರ್ಕೊಂಡ್ ಬಂದ್ರಿ."